ಹಳೆಯ ಬಿಲ್ಲು, ಹೊಸ ಎಸ್ಟಿಮೇಟು

ತಂದೆಯವರ 1968ರ ವೈರಿಂಗ್ ಬಿಲ್ಲಿನ ಪಕ್ಕ ಈಗಿನ ಎಸ್ಟಿಮೇಟ್ ಇಟ್ಟು ಗಾಬರಿಯಾಗಿದ್ದೀರಿ. ಎಲೆಕ್ಟ್ರಿಷಿಯನ್‌ನನ್ನು ಬೈಯುವ ಮೊದಲು ಪಾಯಿಂಟುಗಳನ್ನು ಎಣಿಸಿ.

ಬೆಂಗಳೂರಿಗೆ 1905ರಲ್ಲಿ ಶಿವನಸಮುದ್ರದ ವಿದ್ಯುತ್ ಬಂದ ಮೇಲೆ ಬಹುಕಾಲ ಮನೆಯ ವೈರಿಂಗ್ ಎಂದರೆ ಕೋಣೆಗೊಂದು ಬಲ್ಬು. ಮರದ ಪಟ್ಟಿ ಹೊಡೆದು ತಂತಿ ಎಳೆಯುವುದು ಬಡಗಿಯ ಕೆಲಸದಷ್ಟೇ ನಾಜೂಕಿನದು. ಆದರೂ ಕೂಲಿ ಅಗ್ಗ, ದುಬಾರಿಯಾದದ್ದು ಸಾಮಾನು. ಈಗ ಗೋಡೆ ಕೊರೆದು ಪೈಪು ಹುದುಗಿಸುವ ಕೂಲಿಯೂ ಎಸ್ಟಿಮೇಟಿನಲ್ಲಿ ಸೇರುತ್ತದೆ. ಜತೆಗೆ ಗೀಸರ್, ಮಿಕ್ಸಿ, ಏಸಿ, ಚಾರ್ಜರ್ ಎಂದು ಒಂದೊಂದಕ್ಕೂ ಪಾಯಿಂಟು!

ಇನ್ನೊಂದು ಮಾತು. ಅರವತ್ತರ ದಶಕದಲ್ಲಿ ತಾಮ್ರ ಬಹುಪಾಲು ಆಮದಾಗುತ್ತಿತ್ತು, ವಿದೇಶಿ ವಿನಿಮಯಕ್ಕೆ ಬರ. ಹಾಗಾಗಿ ಅನೇಕ ಮನೆಗಳಿಗೆ ಅಲ್ಯೂಮಿನಿಯಂ ತಂತಿ ಬಂತು. ಅದು ಕಾಲಕ್ರಮೇಣ ಸ್ಕ್ರೂ ಬಳಿ ಸಡಿಲಗೊಂಡು ಬಿಸಿಯಾಗುತ್ತದೆ. ನಿಮ್ಮದೂ ಅದೇ ಆಗಿದ್ದರೆ ತೇಪೆ ಬೇಡ, ಪೂರ್ತಿ ಬದಲಿಸಿ.

ಚೌಕಾಸಿ ಮಾಡಬೇಕೆಂದರೆ ಅಲಂಕಾರದ ಸ್ವಿಚ್‌ಗಳಲ್ಲಿ, ಸೀಲಿಂಗ್ ಲೈಟುಗಳಲ್ಲಿ ಮಾಡಿ. ದೀಪಕ್ಕೆ 1.5, ಗೀಸರ್‌ಗೆ 4 ಚದರ ಮಿಲಿಮೀಟರ್ ತಾಮ್ರ, ಅರ್ಥಿಂಗ್, ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಆರ್‌ಸಿಸಿಬಿ: ಇವುಗಳಲ್ಲಿ ಒಂದು ರೂಪಾಯಿಯನ್ನೂ ಉಳಿಸಬೇಡಿ. ಕೂಲಿ ಬೇರೆ, ಸಾಮಾನು ಬೇರೆ ಬರೆಸಿಕೊಂಡೇ ಮುಂಗಡ ಕೊಡಿ.