ಗಣಿಯ ವೆಚ್ಚದ ಅಂದಾಜು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಎರಡು ಕಾರ್ಯಗಳಲ್ಲಿಯೂ ಮೊದಲು ಹಾಕಿಕೊಂಡ ಲೆಕ್ಕ ಒಂದು, ಕಡೆಗೆ ಕೈಬಿಟ್ಟ ಹಣ ಮತ್ತೊಂದು ಎಂಬುದೇ ಅದರ ತಾತ್ಪರ್ಯ. ಗಾದೆ ಮಾಡಿದ ಹಿರಿಯರು ನಮ್ಮ ಬಳ್ಳಾರಿ ಸೀಮೆಯವರಾಗಿದ್ದರೆ “ಗಣಿ ತೋಡಿ ನೋಡು” ಎಂಬ ಮಾತನ್ನೂ ಅದಕ್ಕೆ ಜೋಡಿಸುತ್ತಿದ್ದರೇನೋ!

ನಾನು ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯಿಂದ ಬಂದ ವಿದ್ಯಾರ್ಥಿನಿ. ನಮ್ಮದು ಭತ್ತದ ಸೀಮೆ. ಗಣಿಯ ಗುಡ್ಡಗಳಿರುವುದು ದೂರದ ಸಂಡೂರಿನ ಕಡೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಈ ವರ್ಷ ಅರ್ಥಶಾಸ್ತ್ರದ ಅಧ್ಯಾಪಕರು, ಜಿಲ್ಲೆಯ ಯಾವುದಾದರೊಂದು ಉದ್ಯಮದ ವೆಚ್ಚವನ್ನು ಅಂದಾಜು ಮಾಡುವ ಕ್ರಮವನ್ನು ಕಲಿತು ಬರೆದು ತರಬೇಕೆಂದು ನಮಗೆಲ್ಲ ಅಪ್ಪಣೆ ಮಾಡಿದರು. ನಾನು ಗಣಿಯನ್ನು ಆರಿಸಿಕೊಂಡೆನು. ಆರಿಸಿಕೊಂಡುದಕ್ಕೆ ಮನೆಯ ಕಾರಣವೊಂದುಂಟು. ಅದನ್ನು ಕಡೆಯಲ್ಲಿ ಹೇಳುವೆನು. ನನ್ನ ಅಲ್ಪಮತಿಗೆ ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಂದಾಜು ಎಂದರೇನು? ಊಹೆಯಲ್ಲ, ಹಾಗೆಂದು ನಿಖರವಾದ ಲೆಕ್ಕವೂ ಅಲ್ಲ. ತಪ್ಪು ಎಷ್ಟರಮಟ್ಟಿಗೆ ಇರಬಹುದೆಂಬುದನ್ನು ಮೊದಲೇ ಒಪ್ಪಿಕೊಂಡು ಹೇಳುವ ಲೆಕ್ಕವೇ ಅಂದಾಜು. ಗಣಿಯ ಕೆಲಸದಲ್ಲಿ ಇದನ್ನು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಮಾಡುವರು. ಮೊದಲನೆಯದು ಸ್ಥೂಲ ಅಂದಾಜು. ನಾಲ್ಕಾರು ಕಡೆ ಕೊರೆದು ನೋಡಿದ ಬಳಿಕ ಮಾಡುವ ಈ ಲೆಕ್ಕದಲ್ಲಿ ಮೂರರಲ್ಲಿ ಒಂದು ಪಾಲು, ಕೆಲವೊಮ್ಮೆ ಅರ್ಧದಷ್ಟೂ ಹೆಚ್ಚು ಕಡಮೆಯಾಗಬಹುದು. ಎರಡನೆಯದು ಪೂರ್ವ ಸಾಧ್ಯತಾ ವರದಿ. ಇಲ್ಲಿ ತಪ್ಪು ಶೇ. 20ರಿಂದ 25ರ ಒಳಗೆ ಇರಬೇಕು. ಮೂರನೆಯದು ಪೂರ್ಣ ಸಾಧ್ಯತಾ ವರದಿ. ಯಂತ್ರಗಳ ದರಪಟ್ಟಿ ತರಿಸಿ, ರಸ್ತೆಯ ನಕ್ಷೆ ಬರೆದು ಮಾಡುವ ಈ ಲೆಕ್ಕದಲ್ಲಿ ಶೇ. 10ರಿಂದ 15ಕ್ಕಿಂತ ಹೆಚ್ಚು ವ್ಯತ್ಯಾಸ ಬರಕೂಡದು. ಸ್ಥೂಲ ಅಂದಾಜನ್ನೇ ಪೂರ್ಣ ಅಂದಾಜೆಂದು ನಂಬಿ ಸಾಲ ತರುವವನು ಬೆಟ್ಟ ಅಗೆದು ಇಲಿ ಹಿಡಿಯುವನು.

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇದು ಕಲ್ಪಿತ ಗಣಿ. ಇಲ್ಲಿಯ ಸಂಖ್ಯೆಗಳು ಲೆಕ್ಕ ಕಲಿಯಲು ಹಿಡಿದವೇ ಹೊರತು ಯಾವ ಗಣಿಯವೂ ಅಲ್ಲ. ಒಂದು ಗುಡ್ಡದಲ್ಲಿ 1 ಕೋಟಿ ಟನ್ ಕಬ್ಬಿಣದ ಅದಿರಿದೆಯೆಂದು ಭಾವಿಸೋಣ. ವರ್ಷಕ್ಕೆ ಎಷ್ಟು ತೆಗೆಯಬೇಕು? ಬೇಗ ತೆಗೆದರೆ ದೊಡ್ಡ ಯಂತ್ರ ಬೇಕು, ಬಂಡವಾಳ ಹೆಚ್ಚು. ನಿಧಾನವಾಗಿ ತೆಗೆದರೆ ಬಡ್ಡಿ ತಿನ್ನುವುದು. ಟೇಲರ್ ಎಂಬ ತಜ್ಞರು 1977ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ನಿಕ್ಷೇಪದ ಟನ್ನುಗಳ ವರ್ಗಮೂಲ ತೆಗೆದು, ಬಂದುದರ ವರ್ಗಮೂಲವನ್ನು ಮತ್ತೆ ತೆಗೆದು, ಅದನ್ನು ಐದರಿಂದ ಭಾಗಿಸಿದರೆ ಗಣಿಯ ಆಯುಷ್ಯ ವರ್ಷಗಳಲ್ಲಿ ದೊರೆಯುವುದು. ನಮ್ಮ ಗುಡ್ಡಕ್ಕೆ ಸುಮಾರು 11 ವರ್ಷ ಬರುತ್ತದೆ. ಲೆಕ್ಕದ ಸೌಕರ್ಯಕ್ಕಾಗಿ 10 ವರ್ಷ, ವರ್ಷಕ್ಕೆ 10 ಲಕ್ಷ ಟನ್ ಎಂದಿಟ್ಟುಕೊಳ್ಳೋಣ. ಆದರೆ ನಮ್ಮ ಜಿಲ್ಲೆಯಲ್ಲಿ ಸೂತ್ರವೊಂದೇ ಸಾಲದು. ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಬಳ್ಳಾರಿಯ ಒಟ್ಟು ಉತ್ಪಾದನೆಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಹಾಕಿತು. ಆ ಮಿತಿ 2022ರಲ್ಲಿ 3.5 ಕೋಟಿಗೆ ಏರಿತು. ಒಂದೊಂದು ಗಣಿಯೂ ತನಗೆ ಮಂಜೂರಾದಷ್ಟನ್ನೇ ತೆಗೆಯಬೇಕು. ಯಂತ್ರ ದೊಡ್ಡದಿದ್ದು ಅನುಮತಿ ಸಣ್ಣದಾದರೆ ಆ ಬಂಡವಾಳವು ಕೊಟ್ಟಿಗೆಯಲ್ಲಿ ನಿಂತು ಮೇಯುವ ಎತ್ತಾಗುವುದು.

ವೆಚ್ಚದಲ್ಲಿ ಎರಡು ಬಗೆ. ಒಂದು, ಒಂದೇ ಸಲ ಹೂಡುವ ಮೂಲ ಬಂಡವಾಳ: ಕೊರೆಯುವ ಮತ್ತು ಅಗೆಯುವ ಯಂತ್ರಗಳು, ಟಿಪ್ಪರುಗಳು, ಅದಿರು ಪುಡಿಮಾಡಿ ಸೋಸುವ ಘಟಕ, ರಸ್ತೆ, ವಿದ್ಯುತ್ತು, ಕಚೇರಿ. ಎರಡು, ಪ್ರತಿ ಟನ್ನಿನ ಮೇಲೆ ಬೀಳುವ ಚಾಲ್ತಿ ಖರ್ಚು: ಡೀಸೆಲ್, ಸ್ಫೋಟಕ, ಕೂಲಿ, ರಿಪೇರಿ. ಒಂದನ್ನು ಹೆಚ್ಚಿಸಿ ಇನ್ನೊಂದನ್ನು ಇಳಿಸಲು ಬರುತ್ತದೆ. ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ತಂದುದು ಇಂಥ ಲೆಕ್ಕಾಚಾರದ ಫಲ. ತಂತಿ ಎಳೆಯಲು ಬಂಡವಾಳ ಬೇಕಾಯಿತು; ಆದರೆ ಉಗಿಯಂತ್ರಗಳಿಗೆ ದಿನವೂ ಉರುವಲು ಸುಡುವ ಖರ್ಚು ತಪ್ಪಿತು. ಅದೇ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಮೇಲೆ ಅದಿರನ್ನು ಮೇಲೆತ್ತುವ ಖರ್ಚು ಚಿನ್ನದ ಬೆಲೆಯನ್ನು ಮೀರಿ, 2001ರ ಫೆಬ್ರವರಿಯಲ್ಲಿ ಮುಚ್ಚಿದವು. ಚಿನ್ನ ಪೂರ್ತಿಯಾಗಿ ತೀರಿ ಹೋಗಿತ್ತೆಂದಲ್ಲ, ಲೆಕ್ಕ ತೀರಿ ಹೋಗಿತ್ತು.

ಯಂತ್ರದ ಗಾತ್ರಕ್ಕೂ ಬೆಲೆಗೂ ಇರುವ ಸಂಬಂಧವನ್ನೂ ತಿಳಿದಿರಬೇಕು. ಗಾತ್ರ ಇಮ್ಮಡಿಯಾದರೆ ಬೆಲೆ ಇಮ್ಮಡಿಯಾಗುವುದಿಲ್ಲ; ಸಾಮಾನ್ಯವಾಗಿ ಒಂದೂವರೆ ಪಾಲಾಗುವುದು. 5 ಲಕ್ಷ ಟನ್ನಿನ ಘಟಕಕ್ಕೆ 10 ಕೋಟಿ ರೂಪಾಯಿ ಹಿಡಿದರೆ 10 ಲಕ್ಷ ಟನ್ನಿನದಕ್ಕೆ 20 ಕೋಟಿಯಲ್ಲ, ಸುಮಾರು 15 ಕೋಟಿ. ಹೀಗೆ ಒಂದೊಂದು ಬಾಬನ್ನೂ ಕೂಡಿಸಿ, ಅನಿರೀಕ್ಷಿತಕ್ಕೆಂದು ಶೇ. 10ರಷ್ಟನ್ನಾದರೂ ಸೇರಿಸಿ, ನಮ್ಮ ಗಣಿಯ ಮೂಲ ಬಂಡವಾಳ 60 ಕೋಟಿ ಎಂದಿಟ್ಟುಕೊಳ್ಳೋಣ.

ಇನ್ನು ಚಾಲ್ತಿ ಖರ್ಚು. ಅದಿರು ಬರಿದೇ ಸಿಗುವುದಿಲ್ಲ. ಮೇಲಿನ ಮಣ್ಣನ್ನೂ ಬರಡು ಕಲ್ಲನ್ನೂ ತೆಗೆದ ಬಳಿಕ ಸಿಗುವುದು. ಒಂದು ಟನ್ ಅದಿರಿಗೆ ಎಷ್ಟು ಟನ್ ಬರಡು ತೆಗೆಯಬೇಕೆಂಬುದೇ ಬಯಲು ಗಣಿಯ ಲೆಕ್ಕದ ಬೀಗದ ಕೈ. ಒಂದಕ್ಕೆ ಒಂದು ಎಂದಿಟ್ಟುಕೊಂಡು, ಯಾವುದೇ ಟನ್ನನ್ನು ಅಗೆದು ಸಾಗಿಸಲು 150 ರೂಪಾಯಿ ಹಿಡಿದರೆ, ಟನ್ ಅದಿರಿಗೆ 300 ರೂಪಾಯಿ. ಪುಡಿಮಾಡಿ ಸೋಸಲು 100, ಸಂಬಳ, ಕಚೇರಿ ಮುಂತಾದುದಕ್ಕೆ 100. ಒಟ್ಟು 500. ಆದರೆ ಬರಡು ಒಂದಕ್ಕೆ ಒಂದೂವರೆಯಾಗಿ ಕಂಡುಬಂದರೆ? ಟನ್ನಿಗೆ 75 ರೂಪಾಯಿ ಹೆಚ್ಚು, ವರ್ಷಕ್ಕೆ 7.5 ಕೋಟಿ! ಕೊರೆದು ನೋಡುವ ಖರ್ಚನ್ನು ಉಳಿಸಲು ಹೋದವರು ಈ ದಂಡವನ್ನು ತೆರುವರು.

ಇದರ ಮೇಲೆ ಸರ್ಕಾರದ ಪಾಲು. ಕಬ್ಬಿಣದ ಅದಿರಿನ ರಾಜಧನ 2014ರಿಂದ ಸರಾಸರಿ ಮಾರಾಟ ಬೆಲೆಯ ಶೇ. 15, ಈ ಬೆಲೆಯನ್ನು ಭಾರತೀಯ ಗಣಿ ಬ್ಯೂರೋ ಪ್ರಕಟಿಸುವುದು. 2015ರ ತಿದ್ದುಪಡಿಯ ಅನಂತರ ಗಣಿಗಳನ್ನು ಹರಾಜಿನಲ್ಲಿ ಕೊಡುವರು. ಹರಾಜಿನಲ್ಲಿ ಪಡೆದವರು ಕೂಗಿದಷ್ಟು ಪ್ರೀಮಿಯಂ ಕೊಡಬೇಕಲ್ಲದೆ, ರಾಜಧನದ ಶೇ. 10ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲಿಸಬೇಕು. ಗಣಿಯಿಂದ ಬಾಧಿತರಾದ ಜನರ ಹಿತಕ್ಕೆ ಇರುವ ನಿಧಿ ಇದು. ಅದಿರಿನ ಬೆಲೆ 3,000 ರೂಪಾಯಿ, ಪ್ರೀಮಿಯಂ ಶೇ. 50 ಎಂದಿಟ್ಟುಕೊಂಡರೆ ರಾಜಧನ 450, ಪ್ರತಿಷ್ಠಾನಕ್ಕೆ 45, ಪ್ರೀಮಿಯಂ 1,500. ನಮ್ಮ 500ನ್ನು ಕೂಡಿಸಿದರೆ 2,495. ಟನ್ನಿಗೆ ಉಳಿಯುವುದು 505 ರೂಪಾಯಿ, ವರ್ಷಕ್ಕೆ 50.5 ಕೋಟಿ.

ಬೆಲೆ 2,000ಕ್ಕೆ ಇಳಿದರೆ? ಸರ್ಕಾರದ ಪಾಲು ಬೆಲೆಯೊಡನೆ ಇಳಿದು 1,330 ಆಗುವುದು. ಆದರೆ ಅಗೆಯುವ ಖರ್ಚು ಇಳಿಯದು, 500ರಲ್ಲಿಯೇ ನಿಲ್ಲುವುದು. ಉಳಿಯುವುದು ಕೇವಲ 170. ಬೆಲೆ ಮೂರನೆಯ ಒಂದು ಪಾಲು ಇಳಿದರೆ ಲಾಭ ಮೂರನೆಯ ಒಂದು ಪಾಲಿಗೇ ಬಂದು ಕುಳಿತುಕೊಂಡಿತು! ಬರಡೂ ಹೆಚ್ಚಾದರೆ 95, ವರ್ಷಕ್ಕೆ 9.5 ಕೋಟಿ. 60 ಕೋಟಿ ಸಾಲಕ್ಕೆ ಶೇ. 10ರಂತೆ ಬಡ್ಡಿಯೇ 6 ಕೋಟಿ. ಅಸಲು ತೀರಿಸುವುದು ಎಂದಿಗೆ? ಇಂಥ ಸ್ಥಿತಿಯಲ್ಲಿ, 2020ರಲ್ಲಿ ಒಡಿಶಾದ ಕೆಲವು ಕಬ್ಬಿಣದ ಗಣಿಗಳಿಗೆ ಶೇ. 90ನ್ನೂ ಮೀರಿ ಕೂಗಿದವರು ಎಂಥ ಲೆಕ್ಕ ಹಾಕಿರಬೇಕೆಂದು ಸಹಪಾಠಿಗಳೇ ಯೋಚಿಸಿ ನೋಡಬಹುದು.

ಅಂದಾಜಿನಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಬಾಬುಗಳು ಮೂರು. ಮೊದಲನೆಯದು ಕಾಲ. ಪರಿಸರ ಮತ್ತು ಅರಣ್ಯದ ಅನುಮತಿಗಳು ಎರಡು ವರ್ಷ ತಡವಾದರೆ ಶೇ. 10ರ ಚಕ್ರಬಡ್ಡಿಯಲ್ಲಿ 60 ಕೋಟಿಯ ಸಾಲ 72.6 ಕೋಟಿಯಾಗುವುದು, ಒಂದು ಟನ್ನೂ ಅಗೆಯದೆ. ಎರಡನೆಯದು ಕೊಳ್ಳುವವನು. ಕುದುರೆಮುಖದ ಕಂಪನಿ 1976ರಲ್ಲಿ ಇರಾನಿನ ಸಾಲದ ನೆರವಿನಿಂದ, ಇರಾನಿಗೇ ಅದಿರು ಮಾರಲೆಂದು ಹುಟ್ಟಿತು. 1980ರಲ್ಲಿ ಯೋಜನೆ ಮುಗಿಯಿತು. ಅಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಕೊಳ್ಳುವವರೇ ಇಲ್ಲವಾದರು. ಬೇರೆ ಮಾರುಕಟ್ಟೆಗಾಗಿ ಮಂಗಳೂರಿನಲ್ಲಿ ಉಂಡೆ ಕಟ್ಟುವ ಕಾರ್ಖಾನೆಯನ್ನೇ ಹೂಡಬೇಕಾಯಿತು. ಅದು ಕೆಲಸಕ್ಕೆ ತೊಡಗಿದ್ದು 1987ರಲ್ಲಿ. ಮೂರನೆಯದು ಪ್ರಕೃತಿಯ ಸಾಲ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಬಳಿಕ ಗಣಿಗಳನ್ನು ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಮೂರು ವರ್ಗ ಮಾಡಿ, 2013ರ ತೀರ್ಪಿನಲ್ಲಿ ಕೊನೆಯ ವರ್ಗದವುಗಳ ಗುತ್ತಿಗೆಯನ್ನೇ ರದ್ದು ಮಾಡಿತು. ಮಧ್ಯದ ವರ್ಗದವರು ಎಲ್ಲೆ ಮೀರಿ ಅಗೆದ ಹೊಂಡಕ್ಕೆ ಹೆಕ್ಟೇರಿಗೆ 5 ಕೋಟಿ, ಎಲ್ಲೆ ಮೀರಿ ಸುರಿದ ಮಣ್ಣಿನ ದಿಬ್ಬಕ್ಕೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ತೆರಬೇಕಾಯಿತು. ಬರಡು ಮಣ್ಣನ್ನು ಎಲ್ಲಿ ಸುರಿಯಬೇಕೆಂಬುದನ್ನು ಮೊದಲೇ ಲೆಕ್ಕಕ್ಕೆ ತಾರದವರಿಗೆ ಬರಡು ಮಣ್ಣೇ ಅದಿರಿಗಿಂತ ದುಬಾರಿಯಾಯಿತು.

ಇನ್ನು ಮೊದಲೇ ಹೇಳಿದ ಮನೆಯ ಕಾರಣ. 2009ರಲ್ಲಿ ನಮ್ಮ ತಂದೆಯವರು ಎರಡು ಎಕರೆ ಹೊಲವನ್ನು ಒತ್ತಿಯಿಟ್ಟು, ಮಿಕ್ಕುದಕ್ಕೆ ಸಾಲ ಮಾಡಿ, ಅದಿರು ಹೊಡೆಯಲು ಒಂದು ಟಿಪ್ಪರ್ ಕೊಂಡರು. ಆ ಕಾಲದಲ್ಲಿ ಅನೇಕರು ಹಾಗೆ ಕೊಂಡವರೇ. 2011ರಲ್ಲಿ ಅದಿರು ನಿಂತಿತು. ಮರುವರ್ಷ ಸಾಲ ಕೊಟ್ಟವರು ಗಾಡಿಯನ್ನು ಒಯ್ದರು. ಹೊಲ ಹಿಂದಿರುಗಿ ಬರಲಿಲ್ಲ. “ಬಂದ್ ಮಾಡಿದ್ದಕ್ಕ ನಾವು ಹಾಳಾದ್ವಿ” ಎಂಬ ಮಾತನ್ನು ಕೇಳುತ್ತಲೇ ನಾನು ಬೆಳೆದೆನು.

ಈ ಪಾಠ ಕಲಿತ ಮೇಲೆ ದೀಪಾವಳಿಯ ರಜೆಯಲ್ಲಿ ತಂದೆಯವರ ಹಳೆಯ ಪುಸ್ತಕವನ್ನು ತೆಗೆದು ನೋಡಿದೆನು. ಒಂದೇ ಒಂದು ಗುಣಾಕಾರ ಅಲ್ಲಿತ್ತು. ಡೀಸೆಲ್, ಚಾಲಕನ ಸಂಬಳ ಕಳೆದು ಟ್ರಿಪ್ಪಿಗೆ 900 ರೂಪಾಯಿ, ದಿನಕ್ಕೆ ಎರಡು ಟ್ರಿಪ್, ತಿಂಗಳಿಗೆ 30 ದಿನ, ಒಟ್ಟು 54,000. ಕಂತು 35,000 ಹೋಗಿ 19,000 ಉಳಿತಾಯ. ಮಳೆಯಿಲ್ಲ, ಹಬ್ಬವಿಲ್ಲ, ಟೈರಿಲ್ಲ, ಸರದಿಯಲ್ಲಿ ಕಾಯುವುದಿಲ್ಲ! ಟಿಪ್ಪರಿನಲ್ಲಿ ಹೋಗುತ್ತಿದ್ದ ಚಿಕ್ಕಪ್ಪನವರು ಟ್ರಿಪ್ಪಿನ ಚೀಟಿಗಳನ್ನು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದರು. 2010ರ ಜನವರಿಯಿಂದ 2011ರ ಜೂನ್ ವರೆಗೆ, ಹದಿನೆಂಟು ತಿಂಗಳಿಗೆ, 792 ಚೀಟಿ. ಎಂದರೆ ತಿಂಗಳಿಗೆ 44 ಟ್ರಿಪ್, 39,600 ರೂಪಾಯಿ. ಟೈರು, ರಿಪೇರಿಗೆ ತಿಂಗಳಿಗೆ 8,000 ಬಿದ್ದಿದೆಯೆಂದು ಚಿಕ್ಕಪ್ಪನವರು ಹೇಳಿದರು. ಉಳಿದುದು 31,600; ಕಂತು 35,000. ಗಣಿ ನಿಲ್ಲುವುದಕ್ಕೆ ಮೊದಲೇ ನಾವು ತಿಂಗಳಿಗೆ 3,400 ರೂಪಾಯಿ ಮುಳುಗುತ್ತಿದ್ದೆವು. ನ್ಯಾಯಾಲಯದ ಆಜ್ಞೆ ನಮ್ಮನ್ನು ಬೇಗ ಮುಳುಗಿಸಿತು, ನಿಜ. ಆದರೆ ತೂತು ಇದ್ದುದು ದೋಣಿಯಲ್ಲಿ.

ಇದನ್ನು ಹೇಳುವುದೋ ಬಿಡುವುದೋ ಎಂದು ಎರಡು ದಿನ ಯೋಚಿಸಿದೆನು. ಹದಿಮೂರು ವರ್ಷ ಹೊತ್ತ ಭಾರಕ್ಕೆ ಇನ್ನೊಂದು ಕಲ್ಲನ್ನು ಇಡುವುದು ಮಗಳ ಕೆಲಸವೇ? ಕಡೆಗೆ ಹೇಳಿದೆನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ತಂದೆಯವರು ಚೀಟಿಗಳನ್ನು ತಾವೇ ಹತ್ತು ಹತ್ತಾಗಿ ಎಣಿಸಿ ನೋಡಿ, ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಭತ್ತ ಹಚ್ಚೋವಾಗ ಎಕರೆಗೆ ಐದು ಚೀಲ ಕಮ್ಮಿ ಹಿಡಿದೇ ಲೆಕ್ಕ ಮಾಡ್ತೀನಿ ಯವ್ವಾ. ಗಾಡಿಗೆ ಯಾಕ ಹಂಗ ಮಾಡ್ಲಿಲ್ಲ?” ಎಂದರು. “ಆಗ ಈ ಲೆಕ್ಕ ಗೊತ್ತಿದ್ದರೆ ಗಾಡಿ ತಗೊಂತಿದ್ದಿಲ್ಲೇನಪ್ಪಾ?” ಎಂದು ಕೇಳಿದೆನು. “ತಗೊಂತಿದ್ದೆ. ಆದ್ರ ಹೊಲ ಇಡ್ತಿದ್ದಿಲ್ಲ” ಎಂದರು.

ಅಂದಾಜಿನ ಶಾಸ್ತ್ರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ. ಸಾಹಸ ಬೇಡವೆಂದು ಅದು ಹೇಳುವುದಿಲ್ಲ. ಸಾಹಸ ಕೆಟ್ಟರೆ ಕಳೆದುಕೊಳ್ಳಬಾರದುದು ಯಾವುದೆಂದು ತೋರಿಸಿಕೊಡುತ್ತದೆ. ತಂದೆಯವರಿಗೆ ಆ ಲೆಕ್ಕ ಬರುತ್ತಿತ್ತು. ಭತ್ತದಲ್ಲಿ ಪ್ರತಿವರ್ಷ ಮಾಡುತ್ತಲೇ ಇದ್ದರು. ಅದೇ ಲೆಕ್ಕ ಗಣಿಗೂ ಸಲ್ಲುವುದೆಂದು ಹೇಳುವವರು ಆಗ ಮನೆಯಲ್ಲಿ ಇರಲಿಲ್ಲ. ಹಳ್ಳಿಗಳಿಂದ ಬಂದು ಇಲ್ಲಿ ಓದುತ್ತಿರುವ ನಾವು, ಮುಂದೆ ನಮ್ಮ ಮನೆಗಳಲ್ಲಿ ಅಂಥದೊಂದು ಗುಣಾಕಾರ ನಡೆಯುವಾಗ ಪಕ್ಕದಲ್ಲಿ ಕುಳಿತು “ಮಳೆಗಾಲ ಹಿಡಿದಿರಾ?” ಎಂದು ಕೇಳುವಷ್ಟಾದರೆ, ಕಲಿತದ್ದು ಸಾರ್ಥಕವಾಯಿತೆಂದು ಭಾವಿಸುತ್ತೇನೆ.