ನಾಯಿ-ಬೆಕ್ಕಿಗೆ ಉಣ್ಣಿ ಹತ್ತಿದಾಗ



ಸಂಘದ ಸಾಲದಲ್ಲಿ ತಂದ ಎಮ್ಮೆ, ಆಡುಗಳ ಮೈಯನ್ನು ನಾವು ದಿನಾ ನೋಡುತ್ತೇವೆ. ಆ ಆಡು ಕಾಯುವ ನಾಯಿ, ಜೋಳದ ಚೀಲಕ್ಕೆ ಇಲಿ ಬಾರದಂತೆ ನೋಡಿಕೊಳ್ಳುವ ಬೆಕ್ಕು, ಇವುಗಳ ಮೈ ಯಾರು ನೋಡ್ತಾರೆ? ಯಾಪಲದಿನ್ನಿ ಕಡೆಯ ಯಾವುದೇ ಓಣಿಯಲ್ಲಿ ಮಲಗಿದ ನಾಯಿಯ ಕಿವಿ ಎತ್ತಿ ನೋಡಿ. ಹುಣಸೆ ಬೀಜದಂತೆ ಉಣ್ಣಿ ಕಚ್ಚಿಕೊಂಡಿರುತ್ತವೆ.

ಉಣ್ಣಿ ಕಚ್ಚಿದರೆ ನಾಯಿಗೆ ಲಕ್ವಾ ಹೊಡೆಯುತ್ತದೆ ಎಂದು ನೀವು ಕೇಳಿರಬಹುದು. ಆ ಮಾತು ಸುಳ್ಳಲ್ಲ. ಆಸ್ಟ್ರೇಲಿಯಾ ದೇಶದ ಪೂರ್ವ ಕರಾವಳಿಯಲ್ಲಿ ಅಂಥ ಒಂದು ಜಾತಿಯ ಉಣ್ಣಿ ಇದೆ. ಅದರ ಜೊಲ್ಲಿನಲ್ಲಿ ವಿಷ ಇರುತ್ತದೆ. ಕಚ್ಚಿ ಮೂರ್ನಾಲ್ಕು ದಿನಕ್ಕೆ ನಾಯಿ, ಬೆಕ್ಕುಗಳ ಹಿಂಗಾಲು ಸೋಲುತ್ತವೆ, ದನಿ ಬದಲಾಗುತ್ತದೆ, ಕಡೆಗೆ ಉಸಿರೇ ನಿಲ್ಲಬಹುದು. ಆ ಜಾತಿ ನಮ್ಮಲ್ಲಿ ಇಲ್ಲ. ಆದರೆ ಅಲ್ಲಿಯ ಜನ ದಿನಾ ಸಾಕಿದ ಪ್ರಾಣಿಯ ಮೈ ತಡವಿ ಉಣ್ಣಿ ಕೀಳುತ್ತಾರಲ್ಲ, ಆ ರೂಢಿ ನಮಗೂ ಬೇಕು.

ಯಾಕೆಂದರೆ ನಮ್ಮ ಕಂದು ಬಣ್ಣದ ನಾಯಿ ಉಣ್ಣಿಯೂ ಸುಮ್ಮನೆ ರಕ್ತ ಕುಡಿದು ಹೋಗುವುದಿಲ್ಲ, ರೋಗ ಬಿಟ್ಟು ಹೋಗುತ್ತದೆ. ನಾಯಿಗೆ ಜ್ವರ ಬರುತ್ತದೆ, ರೊಟ್ಟಿ ಮೂಸಿ ಬಿಡುತ್ತದೆ, ಒಸಡು ಬಿಳಚುತ್ತದೆ. ಕೆಲವಕ್ಕೆ ಮೂಗಿನಿಂದ ರಕ್ತ ಸೋರುತ್ತದೆ, ಇನ್ನು ಕೆಲವಕ್ಕೆ ಉಚ್ಚೆ ಕೆಂಪಗಾಗುತ್ತದೆ. ಬೇಗ ಪಶು ಆಸ್ಪತ್ರೆಗೆ ಒಯ್ದರೆ ಇದಕ್ಕೆ ಔಷಧಿ ಇದೆ.

ಕೀಳುವುದು ಹೇಗೆ? ಮುಳ್ಳು ತೆಗೆಯುವ ಚಿಮಟಾದಿಂದ ಚರ್ಮಕ್ಕೆ ಹತ್ತಿರ ಹಿಡಿದು ನಿಧಾನವಾಗಿ ನೇರಕ್ಕೆ ಎಳೆಯಿರಿ. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಸವರುವುದು ಬೇಡ. ಕಿವಿಯ ಒಳಗೆ, ಬೆರಳ ಸಂದಿ, ಕೊರಳ ಪಟ್ಟಿಯ ಕೆಳಗೆ ಮರೆಯದೆ ನೋಡಿ. ಕಿತ್ತದ್ದನ್ನು ಉಗುರಿನಲ್ಲಿ ಕುಕ್ಕಬೇಡಿ, ಒಲೆಯ ಕೆಂಡಕ್ಕೆ ಹಾಕಿ ಕೈ ತೊಳೆಯಿರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಮನುಷ್ಯರಿಗೆ ಬಂದದ್ದು ಉಣ್ಣಿಯಿಂದಲೇ. ಅದು ಮಲೆನಾಡಿನ ಕಾಡಿನ ಉಣ್ಣಿ, ನಮ್ಮ ನಾಯಿ ಉಣ್ಣಿ ಅಲ್ಲ. ಆದರೂ ಉಣ್ಣಿಯ ರಕ್ತ ಕೈಗೆ ಹತ್ತಿಸಿಕೊಳ್ಳುವುದು ಒಳ್ಳೆಯದಲ್ಲ.

ನಾಯಿಯ ಮೈ ಒಂದೇ ತೊಳೆದರೆ ಸಾಲದು. ಹೊಟ್ಟೆ ತುಂಬಿದ ಹೆಣ್ಣು ಉಣ್ಣಿ ಕೆಳಗೆ ಬಿದ್ದು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮರಿಗಳು ಏನೂ ತಿನ್ನದೆ ವಾರಗಟ್ಟಲೆ, ಬೆಳೆದ ಉಣ್ಣಿ ತಿಂಗಳುಗಟ್ಟಲೆ ಅಲ್ಲೇ ಕಾಯುತ್ತವೆ. ನಮ್ಮ ರಾಯಚೂರಿನ ಬಿಸಿಲಿಗೂ ಅವು ಸಾಯುವುದಿಲ್ಲ, ಒಳಗೆ ತಂಪಾಗಿ ಕೂತಿರುತ್ತವೆ. ಕಲ್ಲು ಕಟ್ಟಡದ ಮನೆಗಳಲ್ಲಿ ಸಂದಿಗೆ ಬರವಿಲ್ಲವಲ್ಲ! ಆ ಸಂದಿಗಳನ್ನು ಮಣ್ಣು ಅಥವಾ ಸಿಮೆಂಟಿನಿಂದ ಮೆತ್ತಿರಿ. ನಾಯಿ ಮಲಗುವ ಗೋಣಿತಟ್ಟನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ. ಕೋಳಿಗಳಿದ್ದರೆ ದನದ ಕೊಟ್ಟಿಗೆಯಲ್ಲಿ ಬಿಡಿ, ಉದುರಿದ ಉಣ್ಣಿಯನ್ನು ಹೆಕ್ಕಿ ತಿನ್ನುತ್ತವೆ.

ಇನ್ನು ಔಷಧಿ. ಹತ್ತಿಗೆ ಹೊಡೆಯುವ ಎಣ್ಣಿಯನ್ನು ನೀರಿಗೆ ಬೆರೆಸಿ ನಾಯಿಗೆ ಸವರುವವರಿದ್ದಾರೆ. ದಯವಿಟ್ಟು ಬೇಡ. ನಾಯಿ ಮೈ ನೆಕ್ಕುತ್ತದೆ, ಮಕ್ಕಳು ಆ ನಾಯಿಯನ್ನು ಅಪ್ಪಿಕೊಳ್ಳುತ್ತಾರೆ, ಎರಡೂ ಕಡೆ ಪ್ರಾಣಕ್ಕೆ ಅಪಾಯ. ಬೆಕ್ಕಿನ ವಿಷಯದಲ್ಲಿ ಇನ್ನೂ ಹುಷಾರು. ದನಕ್ಕೆ, ನಾಯಿಗೆ ಕೊಡುವ ಕೆಲವು ಉಣ್ಣಿ ಔಷಧಿಗಳು, ಅದರಲ್ಲೂ ಪರ್ಮೆಥ್ರಿನ್ ಇರುವಂಥವು, ಬೆಕ್ಕಿಗೆ ವಿಷ. ನಡುಕ ಬಂದು ಸಾಯುತ್ತದೆ. ಬೆಕ್ಕಿಗೆ ಬೇರೆ ಹನಿ ಔಷಧಿ ಇದೆ, ಪಶು ವೈದ್ಯರನ್ನು ಕೇಳಿ, ಅದರ ತೂಕ ಹೇಳಿ ತಗೊಳ್ಳಿ.

ಕಡೆಗೆ ಒಂದು ದೊಡ್ಡ ಮಾತು. ನಿಮ್ಮ ನಾಯಿ ಹಿಂಗಾಲು ಎಳೆಯುತ್ತಿದೆ, ದನಿ ಬದಲಾಗಿದೆ, ಬಾಯಿ ಮುಚ್ಚಲಾಗದೆ ಜೊಲ್ಲು ಸುರಿಸುತ್ತಿದೆ ಎಂದಿಟ್ಟುಕೊಳ್ಳಿ. ಮೇಲೆ ಹೇಳಿದ ಆಸ್ಟ್ರೇಲಿಯಾದ ಉಣ್ಣಿಯ ಲಕ್ಷಣಗಳೇ ನೆನಪಾಗುತ್ತವೆ ಅಲ್ವಾ? ನಮ್ಮಲ್ಲಿ ಮೊದಲು ಅನುಮಾನಿಸಬೇಕಾದದ್ದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ಹುಚ್ಚು ಹಿಡಿದ ನಾಯಿಗಳೆಲ್ಲಾ ಓಡಿ ಬಂದು ಕಚ್ಚುವುದಿಲ್ಲ, ಕೆಲವು ಮೂಲೆಯಲ್ಲಿ ಸುಮ್ಮನೆ ಬಿದ್ದಿರುತ್ತವೆ. "ಗಂಟಲದಾಗ ಎಲುಬು ಸಿಕ್ಕೊಂಡದ" ಅಂತ ಬಾಯಿಗೆ ಕೈ ಹಾಕಬೇಡಿ, ಉಣ್ಣಿ ಹುಡುಕಲೂ ಮುಟ್ಟಬೇಡಿ. ಮಕ್ಕಳನ್ನು ದೂರ ಇಟ್ಟು 1962ಕ್ಕೆ ಫೋನ್ ಮಾಡಿ, ಅಥವಾ ಪಶು ವೈದ್ಯರಿಗೆ ಹೇಳಿ. ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ಹತ್ತಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅವತ್ತೇ ಸರಕಾರಿ ಆಸ್ಪತ್ರೆಗೆ ಹೋಗಿ. ಹೇಳಿದ ದಿನಕ್ಕೆಲ್ಲಾ ಇಂಜೆಕ್ಷನ್ ಮಾಡಿಸಿಕೊಳ್ಳಿ. ರೋಗ ಏರಿದ ಮೇಲೆ ಉಳಿಸುವ ಔಷಧಿ ಇಲ್ಲ.

ಮುಂದಿನ ವಾರದ ಸಭೆಯಲ್ಲಿ ಲೆಕ್ಕ ಬರೆದಾದ ಮೇಲೆ ಇದನ್ನು ಮಾತಾಡಿ: ನಮ್ಮ ಓಣಿಯಲ್ಲಿ ಎಷ್ಟು ನಾಯಿ, ಬೆಕ್ಕುಗಳಿವೆ? ಎಷ್ಟಕ್ಕೆ ಹುಚ್ಚುನಾಯಿ ರೋಗದ ಲಸಿಕೆ ಆಗಿದೆ? ಉಳಿದವುಗಳಿಗೆ ಊರಲ್ಲೇ ಒಂದು ದಿನ ಲಸಿಕೆ ಹಾಕಿಸಿ ಎಂದು ಪಶು ಆಸ್ಪತ್ರೆಗೆ ಅರ್ಜಿ ಬರೆಯುವವರು ಯಾರು?