ಆಡು, ಹುಲಿ ಮತ್ತು ಆಟದ ಪಾತ್ರ

ಧರ್ಮಪುರಿ, ಸೇಲಂ ಜಿಲ್ಲೆಗಳ ಕನ್ನಡ ಮನೆಗಳಲ್ಲಿ ‘ಹುಲಿ’ ಎನಿಸಿಕೊಳ್ಳುವುದು ನೆರೆಯ ತಮಿಳಿನಲ್ಲಿ ‘ಪುಲಿ’. ಹಳಗನ್ನಡದಲ್ಲಿಯೂ ಅದು ಪುಲಿಯೇ; ಪದಾದಿಯ ಪಕಾರ ಮುಂದೆ ಹಕಾರವಾಯಿತು. ‘ಆಡು’ ಮಾತ್ರ ಎರಡೂ ಭಾಷೆಗಳಲ್ಲಿ ಮೇಕೆಯೂ ಹೌದು, ಆಟದ ಕ್ರಿಯಾಪದವೂ ಹೌದು. ಆಡು-ಹುಲಿ ಆಟ ಇಬ್ಬರ ಸಮಾನ ಸ್ವತ್ತು.

ನೆಲದ ಮೇಲೆ ಗೆರೆ ಎಳೆದರೆ ಮಣೆ ಸಿದ್ಧ. ಸಾಮಾನ್ಯ ರೂಪದಲ್ಲಿ 23 ಮನೆ, 3 ಹುಲಿ, 15 ಆಡು. ಆಡುಗಳನ್ನು ಒಂದೊಂದಾಗಿ ಇಡಬೇಕು. ಎಲ್ಲವನ್ನೂ ಇಟ್ಟು ಮುಗಿಯುವವರೆಗೆ ಅವು ಕದಲುವಂತಿಲ್ಲ. ಪಕ್ಕದ ಆಡಿನಾಚೆ ಅದೇ ಗೆರೆಯಲ್ಲಿ ತೆರವಿದ್ದರೆ ಹುಲಿ ಹಾರಿ ಅದನ್ನು ಕೊಲ್ಲುತ್ತದೆ. ಹುಲಿಗಳು ಎತ್ತಲೂ ಚಲಿಸದಂತೆ ಕಟ್ಟಿದರೆ ಆಡುಗಳಿಗೆ ಗೆಲುವು. ಆದ್ದರಿಂದ ನುರಿತವನು ಆಡನ್ನು ಇಡುವಾಗ ನೋಡುವುದು ಅದರ ಬೆನ್ನ ಹಿಂದಿನ ಮನೆಯನ್ನು. ಒಂದನ್ನು ಬಲಿಗೊಟ್ಟು ಹುಲಿಯನ್ನು ಮೂಲೆಗೆ ಸೆಳೆಯುವ ಲೆಕ್ಕ ತಿಳಿಯದವನಿಗೆ 15 ಆಡುಗಳೂ ಸಾಲವು.

ಈ ಯುಕ್ತಿಗೆ ಹೊಸ ಬಂಧುವೂ ಇದೆ. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಡಿಎಸ್, ಪಿಎಸ್‌ಪಿ ಯಂತ್ರಗಳಿಗೆ 2007ರಲ್ಲಿ ಬಂದ ‘ಪಜಲ್ ಕ್ವೆಸ್ಟ್’ನಲ್ಲಿ ಒಂದೇ ಬಣ್ಣದ ಮೂರು ಹರಳು ಸಾಲುಗೂಡಿದರೆ ಮಂತ್ರಶಕ್ತಿ; ತಲೆಬುರುಡೆಗಳು ಸಾಲುಗೂಡಿದರೆ ವೈರಿಗೆ ಪೆಟ್ಟು. ಇಬ್ಬರಿಗೂ ಮಣೆ ಒಂದೇ. ತಾನು ಬಿಟ್ಟದ್ದು ಎದುರಾಳಿಯ ಪಾಲು. ಆದರೆ ಅಲ್ಲಿ ಕಥೆ ಬರುವುದು ಕಾಳಗಗಳ ನಡುವಿನ ಮಾತಿನಲ್ಲಿ. ಹರಳು ಜೋಡಿಸುವ ನಿಯಮ ವೀರನಿಗೂ ರಾಕ್ಷಸನಿಗೂ ಒಂದೇ. ಆಡು-ಹುಲಿಯಲ್ಲಿ ನಿಯಮವೇ ಪಾತ್ರ. ಬರಿಯ ಕಲ್ಲೊಂದನ್ನು ಹುಲಿಯಾಗಿಸುವುದು ಚಿತ್ರವಲ್ಲ, ಹಾರುವ ಅಧಿಕಾರ.

ಆ ‘ಹಾರು’ ಕೂಡ ಹಳಗನ್ನಡದ ‘ಪಾಱು’. ಮನೆಯ ಹಿರಿಯರು ಈ ಆಟದಲ್ಲಿ ಬಳಸುವ ಮಾತುಗಳನ್ನು ವಿದ್ಯಾರ್ಥಿಗಳು ಬರೆದುಕೊಂಡರೆ, ಪಕಾರ ಎಲ್ಲಿ ನಿಂತಿದೆ, ಹಕಾರ ಎಲ್ಲಿ ಬಂದಿದೆ ಎಂಬುದನ್ನು ತಮ್ಮ ಊರಿನಲ್ಲಿಯೇ ಪರೀಕ್ಷಿಸಬಹುದು.